ಅಲಿಸಿಯಾ ಅಲೋನ್ಸೊ: ಕ್ಯೂಬಾದ ನರ್ತಕಿ

ಕ್ಯೂಬಾ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಸಕ್ಕರೆ, ಹೊಗೆಸೊಪ್ಪು ಮತ್ತು ಫಿಡೆಲ್ ಕ್ಯಾಸ್ಟ್ರೊ. ನೃತ್ಯವನ್ನು ಬಲ್ಲವರಿಗೆ ಆ ದ್ವೀಪವು ರುಂಬಾ, ಚಾ-ಚಾ-ಚಾ ಮೊದಲಾದ ಜೋಡಿ ಕುಣಿತಗಳ ತವರು. ಇವು ಆ ನೆಲದಲ್ಲಿಯೇ ಹುಟ್ಟಿ ಅನಂತರ ಹೊರದೇಶಗಳ ನೃತ್ಯಶಾಲೆಗಳಿಗೆ ಹೋದುವು. ಬ್ಯಾಲೆಯ ಮಾತು ಬೇರೆ. ಇಟಲಿ, ಫ್ರಾನ್ಸ್ ದೇಶಗಳ ಅರಮನೆಗಳಲ್ಲಿ ಬೆಳೆದು, ರಷ್ಯದ ಚಕ್ರವರ್ತಿಗಳ ಆಶ್ರಯದಲ್ಲಿ ಪಳಗಿದ ಕಲೆ ಅದು. ಇಂಥ ದುಬಾರಿಯ ಕಲೆಯು ಕಬ್ಬಿನ ಗದ್ದೆಗಳ ನಾಡಿನಲ್ಲಿ ಬೇರು ಬಿಟ್ಟುದು ಹೇಗೆ? ಅದನ್ನು ಅಲ್ಲಿ ನೆಟ್ಟವರಲ್ಲಿ ಮೊದಲ ಹೆಸರು ಅಲಿಸಿಯಾ ಅಲೋನ್ಸೊ ಎಂಬಾಕೆಯದು. ಆಕೆ ತನ್ನ ಕಲಾಜೀವನದ ಬಹುಭಾಗವನ್ನು ಕಣ್ಣು ಸರಿಯಾಗಿ ಕಾಣದೆಯೇ ಕಳೆದಳೆಂಬುದು ಇನ್ನೂ ಆಶ್ಚರ್ಯದ ಸಂಗತಿ.

ಅಲಿಸಿಯಾ ಹುಟ್ಟಿದ್ದು 1920ರ ಡಿಸೆಂಬರ್ 21ರಂದು, ಹವಾನಾ ನಗರದಲ್ಲಿ. ಅಲ್ಲಿಯ ಸಿರಿವಂತ ಮನೆತನಗಳ ಮಹಿಳೆಯರು ನಡೆಸುತ್ತಿದ್ದ ಸಂಗೀತ ಸಂಘವೊಂದು 1931ರಲ್ಲಿ ಬ್ಯಾಲೆ ತರಗತಿಯನ್ನು ತೆರೆಯಿತು. ನಿಕೊಲಾಯ್ ಯಾವೊರ್ಸ್ಕಿ ಎಂಬ ರಷ್ಯನ್ ಅಲ್ಲಿ ಗುರು. ಒಳ್ಳೆಯ ಮನೆಯ ಹೆಣ್ಣುಮಕ್ಕಳು ನಿಲ್ಲುವ, ನಡೆಯುವ ಬೆಡಗನ್ನು ಕಲಿಯಲೆಂಬುದೇ ಆ ತರಗತಿಯ ಉದ್ದೇಶವಾಗಿತ್ತು. ಯಾರೂ ಅದನ್ನೇ ವೃತ್ತಿಯಾಗಿ ಹಿಡಿಯುವರೆಂದು ಎಣಿಸಿರಲಿಲ್ಲ. ಹಿಡಿದವಳು ಈಕೆ. 1937ರಲ್ಲಿ ಇನ್ನೂ ಹದಿನೇಳು ತುಂಬುವ ಮೊದಲೇ ನ್ಯೂಯಾರ್ಕಿಗೆ ಹೋಗಿ, ಅದೇ ತರಗತಿಯಲ್ಲಿ ಜೊತೆಗೆ ಕಲಿತಿದ್ದ ಫರ್ನಾಂಡೊ ಅಲೋನ್ಸೊನನ್ನು ಮದುವೆಯಾದಳು. ಮರುವರ್ಷ ಮಗಳು ಹುಟ್ಟಿದಳು. ಗಂಡ ಹೆಂಡತಿ ಇಬ್ಬರೂ ಸಂಗೀತ ನಾಟಕಗಳಲ್ಲಿ ಕುಣಿದು ಹೊಟ್ಟೆ ಹೊರೆಯುತ್ತ ಅಭ್ಯಾಸವನ್ನು ಮುಂದುವರಿಸಿದರು. 1940ರಲ್ಲಿ ಆಗತಾನೆ ಹುಟ್ಟಿದ್ದ 'ಬ್ಯಾಲೆ ಥಿಯೇಟರ್' ತಂಡವನ್ನು ಸೇರಿದರು.

ಮರುವರ್ಷವೇ ಆಕೆಯ ಕಣ್ಣು ಕೆಟ್ಟಿತು. ರೆಟಿನಾ ಎಂಬ ಒಳಪರದೆ ತನ್ನ ಸ್ಥಳದಿಂದ ಕಳಚಿಕೊಂಡಿತ್ತು.

ಇದು ನರ್ತಕಿಯೊಬ್ಬಳಿಗೆ ಎಂಥ ಆಘಾತವೆಂಬುದನ್ನು ತಿಳಿಯಬೇಕಾದರೆ ಬ್ಯಾಲೆಯ ಒಂದು ಮರ್ಮವನ್ನು ಅರಿಯಬೇಕು. ಕಾಲಿನ ತುದಿಯ ಮೇಲೆ ನಿಂತು ಬುಗುರಿಯಂತೆ ಸುತ್ತುವಾಗ ನರ್ತಕಿಯು ಎದುರಿಗಿರುವ ಯಾವುದಾದರೊಂದು ಗುರುತಿನಲ್ಲಿ ದೃಷ್ಟಿಯನ್ನು ನೆಡುತ್ತಾಳೆ. ಮೈ ತಿರುಗಿದರೂ ತಲೆ ಕೊನೆಯ ಕ್ಷಣದವರೆಗೆ ಅಲ್ಲಿಯೇ ನಿಂತು, ಮತ್ತೆ ಥಟ್ಟನೆ ಸುತ್ತಿ ಅದೇ ಗುರುತಿಗೆ ಬರುತ್ತದೆ. ಹೀಗೆ ಮಾಡದಿದ್ದರೆ ತಲೆ ಸುತ್ತಿ ಬೀಳುವುದು ಖಂಡಿತ. ಜೋಡಿ ನೃತ್ಯದಲ್ಲಿಯಂತೂ ಓಡಿಬಂದು ಜೊತೆಗಾರನ ಕೈಗೆ ಹಾರಬೇಕು. ಅವನು ಒಂದು ಗೇಣು ಆಚೆ ನಿಂತಿದ್ದರೂ ಅನಾಹುತ. ಕಣ್ಣಿಲ್ಲದೆ ಹಾಡಬಹುದು, ವೀಣೆ ಬಾರಿಸಬಹುದು. ಬ್ಯಾಲೆ ಮಾಡುವುದು ಅಸಾಧ್ಯವೆಂದೇ ಯಾರಾದರೂ ಹೇಳುತ್ತಿದ್ದರು.

ಶಸ್ತ್ರಚಿಕಿತ್ಸೆಯ ಮೇಲೆ ಶಸ್ತ್ರಚಿಕಿತ್ಸೆ ನಡೆಯಿತು. ಮೂರನೆಯದಾದ ಮೇಲೆ ಹವಾನಾದಲ್ಲಿ ಒಂದು ವರ್ಷ ಹಾಸಿಗೆ ಬಿಟ್ಟೇಳಕೂಡದೆಂದು ವೈದ್ಯರ ಅಪ್ಪಣೆಯಾಯಿತು. ತಲೆ ಅಲ್ಲಾಡಿಸಕೂಡದು, ಗಟ್ಟಿಯಾಗಿ ನಗಕೂಡದು, ಅಳಕೂಡದು, ಕಣ್ಣಿಗೆ ಪಟ್ಟಿ. ಆಗ ಫರ್ನಾಂಡೊ ದಿನವೂ ಹಾಸಿಗೆಯ ಬಳಿ ಕುಳಿತು ದೊಡ್ಡ ಬ್ಯಾಲೆಗಳ ಪಾತ್ರಗಳನ್ನು ಬೆರಳುಗಳಿಂದ ಕಲಿಸಿದನು. ಎರಡು ಬೆರಳು ಎರಡು ಕಾಲು. ಹೆಜ್ಜೆ, ತಿರುಗು, ನೆಗೆತ ಎಲ್ಲವೂ ಬೆರಳಿನಲ್ಲಿ. ಆಕೆ ಅದನ್ನು ಮುಟ್ಟಿ ತಿಳಿದು, ತನ್ನ ಬೆರಳುಗಳಲ್ಲಿ ಆಡಿಸಿ, ಮನಸ್ಸಿನಲ್ಲಿ ಕುಣಿದಳು. 'ಜಿಸೆಲ್' ಪಾತ್ರವನ್ನು ಆಕೆ ಮನನ ಮಾಡಿದ್ದು ಹೀಗೆ.

'ಜಿಸೆಲ್' 1841ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಪ್ರದರ್ಶಿತವಾದ ಬ್ಯಾಲೆ. ಹಳ್ಳಿಯ ಹುಡುಗಿಯೊಬ್ಬಳು ವೇಷ ಮರೆಸಿ ಬಂದ ಶ್ರೀಮಂತನನ್ನು ಪ್ರೀತಿಸಿ, ಮೋಸ ತಿಳಿದಾಗ ಬುದ್ಧಿ ಕಲಕಿ ಸಾಯುತ್ತಾಳೆ. ಎರಡನೆಯ ಅಂಕದಲ್ಲಿ ಪ್ರೇತವಾಗಿ ಬಂದು ಅದೇ ಪ್ರಿಯನ ಪ್ರಾಣವನ್ನು ಉಳಿಸುತ್ತಾಳೆ. 1943ರ ನವೆಂಬರ್ 2ರಂದು ನ್ಯೂಯಾರ್ಕಿನಲ್ಲಿ ಈ ಪಾತ್ರವನ್ನು ವಹಿಸಬೇಕಾಗಿದ್ದ ಪ್ರಖ್ಯಾತ ನರ್ತಕಿ ಅಲಿಸಿಯಾ ಮಾರ್ಕೊವಾ ಕಾಯಿಲೆ ಬಿದ್ದಳು. ಬದಲಿಗೆ ನಿಂತವಳು ನಮ್ಮ ಅಲಿಸಿಯಾ. ಅಂದಿನಿಂದ ಅರ್ಧ ಶತಮಾನದವರೆಗೆ ಆ ಪಾತ್ರಕ್ಕೂ ಆಕೆಯ ಹೆಸರಿಗೂ ಬಿಡದ ನಂಟಾಯಿತು. ರಂಗದ ಮುಂದೆ ಬಲವಾದ ದೀಪಗಳನ್ನು ಇರಿಸುತ್ತಿದ್ದರು. ಅಂಚು ಎಲ್ಲಿ, ನಡು ಎಲ್ಲಿ ಎಂದು ಆಕೆ ತಿಳಿಯುತ್ತಿದ್ದುದು ಆ ಬೆಳಕಿನ ಮಬ್ಬಿನಿಂದ. ಜೊತೆಗಾರರು ಅಳೆದಿಟ್ಟ ಸ್ಥಳ ಬಿಟ್ಟು ಕದಲುವಂತಿರಲಿಲ್ಲ. ಸಭಿಕರಿಗೆ ಇದೊಂದೂ ಗೊತ್ತಾಗುತ್ತಿರಲಿಲ್ಲ.

1948ರ ಅಕ್ಟೋಬರಿನಲ್ಲಿ ಅಲೋನ್ಸೊ ದಂಪತಿಗಳು, ಫರ್ನಾಂಡೊನ ಸೋದರ ಆಲ್ಬರ್ಟೊ ಕೂಡಿ ಹವಾನಾದಲ್ಲಿ ಸ್ವಂತ ತಂಡವನ್ನು ಕಟ್ಟಿದರು. ಆರಂಭದಲ್ಲಿ ಅದರಲ್ಲಿ ಹೊರದೇಶದವರೇ ಹೆಚ್ಚು. ಕ್ಯೂಬನ್ನರನ್ನು ತಯಾರಿಸಲು 1950ರಲ್ಲಿ ಶಾಲೆಯೊಂದು ಹುಟ್ಟಿತು. ಹಣದ ತೊಂದರೆ ಎಂದೂ ತಪ್ಪಲಿಲ್ಲ. 1956ರಲ್ಲಿ ಬಾಟಿಸ್ಟಾ ಸರ್ಕಾರವು ತಂಡವನ್ನು ತನ್ನ ಅಂಕೆಗೆ ತೆಗೆದುಕೊಳ್ಳಲು ನೋಡಿ, ಒಪ್ಪದಿದ್ದಾಗ ಸಹಾಯಧನವನ್ನು ನಿಲ್ಲಿಸಿತು. ಅಲಿಸಿಯಾ ಬಗ್ಗಲಿಲ್ಲ. ಆಕೆಯ ಬೆಂಬಲಕ್ಕೆ ನಿಂತವರು ಹವಾನಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೆಂಬುದು ಈ ಸಂಚಿಕೆಯ ಓದುಗರಿಗೆ ಪ್ರಿಯವಾದೀತು. ಆ ಸೆಪ್ಟೆಂಬರಿನಲ್ಲಿ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿಯೇ ಆಕೆಗೆ ಗೌರವ ಪ್ರದರ್ಶನವಾಯಿತು. ಅನಂತರ ಬಾಟಿಸ್ಟಾ ಇರುವವರೆಗೆ ಆಕೆ ಕ್ಯೂಬಾದಲ್ಲಿ ಕುಣಿಯಲಿಲ್ಲ.

1959ರ ಕ್ರಾಂತಿಯ ಮೇಲೆ ಕ್ಯಾಸ್ಟ್ರೊ ತಂಡಕ್ಕೆ ಎರಡು ಲಕ್ಷ ಡಾಲರು ಕೊಡಿಸಿದನೆಂದು ಹೇಳುತ್ತಾರೆ. 'ಕ್ಯೂಬಾ ರಾಷ್ಟ್ರೀಯ ಬ್ಯಾಲೆ' ಎಂಬ ಹೆಸರಿನಿಂದ ಅದು ಕಾರ್ಖಾನೆಗಳಿಗೂ ಹಳ್ಳಿಗಳಿಗೂ ಹೋಯಿತು. ಗಂಡುಮಕ್ಕಳು ಬ್ಯಾಲೆಗೆ ಬರಲು ಹಿಂಜರಿಯುತ್ತಿದ್ದುದರಿಂದ ಫರ್ನಾಂಡೊ ಅನಾಥಾಲಯದಿಂದ ಹುಡುಗರನ್ನು ಆರಿಸಿ ತಂದನು. ಅವರಲ್ಲೊಬ್ಬನಾದ ಹೋರ್ಹೆ ಎಸ್ಕಿವೆಲ್ ಮುಂದೆ ಅಲಿಸಿಯಾಳ ಜೊತೆಗಾರನೇ ಆದನು. ಇದೇ ವ್ಯವಸ್ಥೆಯಲ್ಲಿ ಬೆಳೆದ ಇನ್ನೊಬ್ಬ ಕಾರ್ಲೋಸ್ ಅಕೋಸ್ಟಾ. 1973ರಲ್ಲಿ ಹುಟ್ಟಿದವನು, ಬಡ ಲಾರಿ ಚಾಲಕನ ಮಗ. ಹುಡುಗ ಬೀದಿ ಸುತ್ತದಿರಲಿ, ಮಧ್ಯಾಹ್ನ ಪುಕ್ಕಟೆ ಊಟ ಸಿಗಲಿ ಎಂದು ತಂದೆ ಅವನನ್ನು ಬ್ಯಾಲೆ ಶಾಲೆಗೆ ಸೇರಿಸಿದನಂತೆ. ಅವನು ಲಂಡನ್ನಿನ ರಾಯಲ್ ಬ್ಯಾಲೆಯಲ್ಲಿ ಮೊದಲ ಕಪ್ಪು ಜನಾಂಗದ ಪ್ರಧಾನ ನರ್ತಕನಾದನು. ನಮ್ಮ ಮನೆಯಲ್ಲಿ ಬಿ.ಎ. ತರಗತಿಯವರೆಗೆ ಬಂದವನು ನಾನೇ ಮೊದಲಿಗ. ಹಾಗಾಗಿ ಈ ವೃತ್ತಾಂತದಲ್ಲಿ ಚಿನ್ನದ ಪದಕಗಳಿಗಿಂತ ಆ ಮಧ್ಯಾಹ್ನದ ಊಟವೇ ನನ್ನ ಮನಸ್ಸಿನಲ್ಲಿ ಹೆಚ್ಚು ನಿಂತಿತು. ಹಸಿದವನಿಗೆ ಕಲೆಯ ಹಂಬಲ ಆಮೇಲೆ ಬಂದರೂ ನಷ್ಟವಿಲ್ಲ. ಶಾಲೆಯ ಬಾಗಿಲು ಮಾತ್ರ ತೆರೆದಿರಬೇಕು.

ಆದರೆ ಹೊಗಳಿಕೆಯಲ್ಲಿ ನ್ಯಾಯ ತಪ್ಪಬಾರದು. ಕ್ಯೂಬಾದ ಶಿಕ್ಷಣ ಕ್ರಮದ ನಿಜವಾದ ಶಿಲ್ಪಿ ಫರ್ನಾಂಡೊ ಎಂಬುದನ್ನು ಆಕೆಯ ಕೀರ್ತಿ ಮರೆಸಿಬಿಡುತ್ತದೆ. ಹೊಸ ನೃತ್ಯಗಳ ರಚನೆಯಲ್ಲಿಯೂ ಆಲ್ಬರ್ಟೊನ ಕೈ ಮೇಲು. ಮಾಸ್ಕೊದಲ್ಲಿ ಮಾಯಾ ಪ್ಲಿಸೆತ್ಸ್ಕಾಯಾಳಿಗಾಗಿ 1967ರಲ್ಲಿ ಅವನು ರಚಿಸಿದ 'ಕಾರ್ಮೆನ್' ಇದಕ್ಕೆ ಸಾಕ್ಷಿ. ಅಲಿಸಿಯಾಳ ಹಿರಿಮೆ ಹಳೆಯ ಬ್ಯಾಲೆಗಳನ್ನು ಶುದ್ಧವಾಗಿ ಮತ್ತೆ ರಂಗಕ್ಕೆ ತರುವುದರಲ್ಲಿತ್ತು. 1972ರಲ್ಲಿ, 'ಜಿಸೆಲ್' ಹುಟ್ಟಿದ ಪ್ಯಾರಿಸ್ ಆಪೆರಾದಲ್ಲಿಯೇ ಈ ಕ್ಯೂಬನ್ ಹೆಣ್ಣು ಅದನ್ನು ನಿರ್ದೇಶಿಸಿದಳು. ಇನ್ನೊಂದು ಆಕ್ಷೇಪಣೆಯೂ ಉಂಟು. ಬಾಟಿಸ್ಟಾನಿಗೆ ಬಗ್ಗದವಳು ಕ್ಯಾಸ್ಟ್ರೊ ಸರ್ಕಾರದ ವಿಷಯದಲ್ಲಿ ಕೊನೆಯವರೆಗೂ ಎದುರು ಮಾತಾಡಲಿಲ್ಲ. ಅಧಿಕಾರವನ್ನೂ ಬಿಟ್ಟುಕೊಡಲಿಲ್ಲ. ಪ್ರವಾಸ ಹೋದ ತರುಣ ನರ್ತಕರು ಅನೇಕರು ಹೆಚ್ಚಿನ ಸಂಬಳಕ್ಕೂ ಹೊಸ ನೃತ್ಯಗಳಿಗೂ ಆಸೆಪಟ್ಟು ಪರದೇಶದಲ್ಲಿಯೇ ಉಳಿದರು. ಅವರನ್ನು ದೂರುವುದು ಸರಿಯೆಂದು ನನಗೆ ತೋರುವುದಿಲ್ಲ.

ಆಕೆ ಕೊನೆಯ ಬಾರಿ ಕುಣಿದುದು 1995ರಲ್ಲಿ, ಎಪ್ಪತ್ತೈದರ ಹೊಸ್ತಿಲಿನಲ್ಲಿ. ಆಮೇಲೆಯೂ ತಂಡದ ಅಭ್ಯಾಸಕ್ಕೆ ಬಂದು ಕೂರುತ್ತಿದ್ದಳು. ಕಣ್ಣಿಗೆ ಏನೂ ಕಾಣದು. ಪಕ್ಕದಲ್ಲಿ ಕುಳಿತವರು ನಡೆಯುತ್ತಿರುವುದನ್ನು ಕಿವಿಯಲ್ಲಿ ಹೇಳುತ್ತಿದ್ದರು. 2019ರ ಜನವರಿಯಲ್ಲಿ ವಿಯೆಂಗ್ಸೈ ವಾಲ್ಡೆಸ್ ಎಂಬ ನರ್ತಕಿಯನ್ನು ಉಪ ನಿರ್ದೇಶಕಿಯಾಗಿ ನೇಮಿಸಿದರು. ಅದೇ ವರ್ಷ ಅಕ್ಟೋಬರ್ 17ರಂದು, ತೊಂಬತ್ತೆಂಟನೆಯ ವಯಸ್ಸಿನಲ್ಲಿ, ಅಲಿಸಿಯಾ ಹವಾನಾದಲ್ಲಿ ತೀರಿಕೊಂಡಳು.