ಹಣ್ಣುನೊಣದ ಉಪದ್ರವವೂ ನಿವಾರಣೋಪಾಯಗಳೂ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಗಳಲ್ಲಿ ಮಾವು, ಪೇರಳೆಹಣ್ಣುಗಳು ಹೊರಗೆ ಅಂದವಾಗಿ ತೋರಿದರೂ ಒಳಗೆ ಹುಳುಗಳಿಂದ ತುಂಬಿರುವುದುಂಟು. ಇದು ಹಣ್ಣುನೊಣದ ಕೃತ್ಯವು. ಹೆಣ್ಣುನೊಣವು ಬಲಿತ ಕಾಯಿಯ ಸಿಪ್ಪೆಯನ್ನು ಚುಚ್ಚಿ ಮೊಟ್ಟೆಗಳನ್ನಿಡುವುದು. ಮರಿಹುಳುಗಳು ತಿರುಳನ್ನು ತಿನ್ನಲು ಹಣ್ಣು ಕೊಳೆತು ಉದುರುವುದು. ಬಳಿಕ ಹುಳುಗಳು ಮಣ್ಣನ್ನು ಹೊಕ್ಕು, ಕೋಶಗಳಾಗಿ, ಕೆಲವು ದಿನಗಳಲ್ಲಿ ನೊಣಗಳಾಗಿ ಹೊರಡುವುವು.

ತಿರುಳಿನೊಳಗಿರುವ ಹುಳುವಿಗೆ ಮೇಲೆ ಸಿಂಪಡಿಸಿದ ವಿಷವು ಸುಲಭವಾಗಿ ತಗಲದು. ತಿನ್ನುವವರಿಗೂ ಜೇನುನೊಣಗಳಿಗೂ ಅಪಾಯವಾದೀತು. ಆದುದರಿಂದ ಈ ಕ್ರಮಗಳನ್ನು ಅನುಸರಿಸತಕ್ಕದ್ದು.

1. ಉದುರಿದ ಹಣ್ಣುಗಳನ್ನು ದಿನಂಪ್ರತಿ ಹೆಕ್ಕಿ, 2 ಅಡಿ ಆಳದಲ್ಲಿ ಹುಗಿದು, ಮಣ್ಣನ್ನು ಬಿಗಿಯಾಗಿ ತುಳಿಯಬೇಕು. ಗೊಬ್ಬರದ ಗುಂಡಿಗೆ ಎಸೆಯಕೂಡದು.

2. ಮರದ ಬುಡದ ಮಣ್ಣನ್ನು ಮೇಲುಮೇಲೆ ಕೆದಕಬೇಕು. ಕೋಶಗಳು ಬಿಸಿಲಿಗೂ ಇರುವೆ, ಕೋಳಿಗಳಿಗೂ ಈಡಾಗುವುವು.

3. ಪೇರಳೆಯ ಎಳೆಗಾಯಿಗಳಿಗೆ ಕಾಗದದ ಚೀಲವನ್ನು ಕಟ್ಟಬೇಕು.

4. ಕೊಯ್ಲಿಗೆ ಸುಮಾರು 45 ದಿನ ಮೊದಲೇ ಮೀಥೈಲ್ ಯೂಜಿನಾಲಿನ ಮೋಹಕ ಬಲೆಗಳನ್ನು ಎಕರೆಗೆ 6ರಿಂದ 10ರಂತೆ ತೂಗಹಾಕಬೇಕು. ಈ ದ್ರವ್ಯದ ಆಕರ್ಷಣೆಯನ್ನು ಬಿಹಾರದ ಪೂಸಾದಲ್ಲಿದ್ದ ಕೀಟಶಾಸ್ತ್ರಜ್ಞ ಹೌಲೆಟರು 1915ರಲ್ಲಿ ಪ್ರಕಟಿಸಿದರು. ನಮ್ಮ ತುಳಸಿಯಲ್ಲಿಯೂ ಇದು ಇರುವುದು. ಹಾಗಲ, ಹೀರೆ, ಸೌತೆಗಳ ನೊಣವು ಬೇರೆ ಜಾತಿಯದು. ಅದಕ್ಕೆ ಕ್ಯೂಲ್ಯೂರ್ ಎಂಬ ದ್ರವ್ಯವು ಬೇಕು.

ಆದರೆ ಬಲೆಗೆ ಬೀಳುವುದು ಗಂಡುನೊಣವು ಮಾತ್ರ. ನೆರೆಯ ಹಿತ್ತಿಲಲ್ಲಿ ಕೂಡಿದ ಹೆಣ್ಣು ಬೇಲಿಯನ್ನು ದಾಟಿ ಬಂದು ಮೊಟ್ಟೆಯಿಡುವುದು. ಒಬ್ಬನ ಮರದಡಿ ಕೊಳೆಯುವ ಕಾಟುಮಾವು ಹತ್ತು ಮಂದಿಯ ಬೆಳೆಗೆ ಮೃತ್ಯುವಾಗುವುದು. ಆದುದರಿಂದ ಗ್ರಾಮದ ಮುಖ್ಯಸ್ಥರು ತೋಟದೊಡೆಯರೆಲ್ಲರನ್ನೂ ಕೂಡಿಸಿ, ಒಂದೇ ವಾರದಲ್ಲಿ ಊರೆಲ್ಲ ಬಲೆ ಕಟ್ಟುವಂತೆಯೂ, ವಾರಸುದಾರರಿಲ್ಲದ ಮರಗಳಡಿಯ ಹಣ್ಣನ್ನೂ ಹೆಕ್ಕಿಸುವಂತೆಯೂ ಏರ್ಪಾಡು ಮಾಡುವುದು ಅತ್ಯವಶ್ಯವು.