ಪೊರೆ ಕಲಿಸಿದ ಪಾಠ

ಮದ್ದೂರು ಸೀಮೆಯಲ್ಲಿ ಕಬ್ಬು ಕಡಿಯಲು ಶುರುವಾದರೆ ಬದುವಿನ ಹುಲ್ಲಲ್ಲಿ, ಕಲ್ಲುಸಂದಿಯಲ್ಲಿ ಹಾವಿನ ಪೊರೆ ಕಣ್ಣಿಗೆ ಬೀಳುತ್ತದೆ. ಹಾವು ಗುರುತಿಸುವುದನ್ನು ನಾನು ಹೆಚ್ಚಾಗಿ ಕಲಿತದ್ದು ಪೊರೆ ನೋಡಿಯೇ. ಅದರಲ್ಲಿ ಬಣ್ಣ ಅಷ್ಟಾಗಿ ಉಳಿಯದ್ದರಿಂದ ಕಣ್ಣು ತಾನಾಗಿ ಹುರುಪೆಗಳ ಮೇಲೆ ನಿಲ್ಲುತ್ತದೆ. ನಡುಬೆನ್ನಿನ ಸಾಲಿನ ಹುರುಪೆಗಳು ಅಕ್ಕಪಕ್ಕದವಕ್ಕಿಂತ ದೊಡ್ಡದಾಗಿ, ಆರು ಮೂಲೆಯಾಗಿದ್ದರೆ ಅದು ಕಟ್ಟುಹಾವಿನದು. ತೋಳಹಾವಿನ ಪೊರೆಯಲ್ಲಿ ಆ ಸಾಲು ಎದ್ದು ಕಾಣುವುದಿಲ್ಲ.

ಇವೆರಡೂ ರಾತ್ರಿ ಓಡಾಡುವ, ಮೈಮೇಲೆ ಬಿಳಿ ಪಟ್ಟೆಯಿರುವ, ಮನೆಯೊಳಗೂ ಬರುವ ಹಾವುಗಳು. ತೋಳಹಾವಿಗೆ ವಿಷವಿಲ್ಲ, ಕಟ್ಟುಹಾವು ಕಚ್ಚಿದರೆ ನೋವೂ ಅಷ್ಟಾಗಿ ಗೊತ್ತಾಗದೆ ಉಸಿರೇ ನಿಲ್ಲಬಹುದು. "ಪಟ್ಟೆ ಎಲ್ಲಿಂದ ಸುರುವಾಗೈತೆ ನೋಡಣ್ಣ" ಎಂದು ಕಬ್ಬು ಕಡಿಯುವವನೊಬ್ಬ ಹೇಳಿಕೊಟ್ಟ. ತೋಳಹಾವಿನ ಪಟ್ಟೆ ಕತ್ತಿನಿಂದಲೇ ಶುರುವಾಗಿ ಬಾಲದತ್ತ ಮಾಸುತ್ತದೆ. ಕಟ್ಟುಹಾವಿನದು ಸಾಮಾನ್ಯವಾಗಿ ಕತ್ತು ದಾಟಿದ ಮೇಲೆ ಕಾಣಿಸಿಕೊಂಡು, ಜೋಡಿಜೋಡಿಯಾಗಿ ಬಾಲದ ತನಕ ಸಾಗುತ್ತದೆ. ಅನುಮಾನವಿದ್ದರೆ ಕಟ್ಟುಹಾವೆಂದೇ ತಿಳಿದು ದೂರ ನಿಲ್ಲಬೇಕು.

ಕೊಳಕುಮಂಡಲದ ಬೆನ್ನ ಮೇಲೆ ಸರಪಳಿಯ ಹಾಗೆ ಮೂರು ಸಾಲು ಮಚ್ಚೆ, ಒಂದೊಂದಕ್ಕೂ ಕಪ್ಪು ಅಂಚು. ಮಣ್ಣುಮುಕ್ಕನ ಮಚ್ಚೆಗಳು ಅಂಕುಡೊಂಕು, ಬಾಲ ಮೋಟು. ಆದರೂ ನೋಡಲು ಒಂದೇ ಥರ ಕಾಣುವುದರಿಂದ ವಿಷವಿಲ್ಲದ ಪಾಪದ ಮಣ್ಣುಮುಕ್ಕ ಎಷ್ಟೋ ಸಲ ದೊಣ್ಣೆಗೆ ಬಲಿಯಾಗುತ್ತದೆ. ನಾಗರವೆಂದುಕೊಂಡು ಕೇರೆಹಾವನ್ನೂ ಬಡಿಯುತ್ತಾರೆ. ಕಬ್ಬು, ಭತ್ತ ಕಡಿಯುವ ಇಲಿ ತಿನ್ನುವುದು ಅದೇ. ನನಗೆ ತಡೆಯಲಾಗದ ಸಂಕಟ ಇದು.

ಕಚ್ಚಿದ ಹಾವನ್ನು ಹಿಡಿದೋ ಕೊಂದೋ ಆಸ್ಪತ್ರೆಗೆ ಒಯ್ಯಬೇಕೆಂಬ ನಂಬಿಕೆ ನಮ್ಮ ಕಡೆ ಈಗಲೂ ಇದೆ. ಅದು ಬೇಡ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಕೊಡುವುದು ಒಂದೇ ಔಷಧ. ರಕ್ತ 20 ನಿಮಿಷದಲ್ಲಿ ಹೆಪ್ಪುಗಟ್ಟುತ್ತದೆಯೇ, ರೆಪ್ಪೆ ಜೋಲುತ್ತಿದೆಯೇ ಎಂದು ನೋಡಿಕೊಂಡು ವೈದ್ಯರು ಚಿಕಿತ್ಸೆ ಕೊಡುತ್ತಾರೆ. ಹಾವು ಹುಡುಕುತ್ತ ಕಳೆದ ಹೊತ್ತು ಕಚ್ಚಿಸಿಕೊಂಡವರ ಆಯಸ್ಸಿನಿಂದ ಹೋಗುತ್ತದೆ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ನಿಯಮ ಮಾಡಿದೆ.

ಹಾವುಗಳನ್ನು ಕಣ್ಣಿನಿಂದ ಕಲಿತರೆ, ಕಪ್ಪೆಗಳನ್ನು ಕಲಿಯಲು ಕಿವಿ ಬೇಕು. ಮೊದಲ ಜೋರು ಮಳೆಗೆ ಮಳವಳ್ಳಿ ಕಡೆಯ ಕೆರೆಯಂಗಳ, ವಿಶ್ವೇಶ್ವರಯ್ಯ ನಾಲೆ ಬಯಲಿನ ಗದ್ದೆಗಳೆಲ್ಲ ಕೂಗತೊಡಗುತ್ತವೆ. ಗೋಂಕರುಕಪ್ಪೆಯ ಗಂಡು ಆಗ ನಿಂಬೆಹಳದಿಗೆ ತಿರುಗುತ್ತದೆ, ಕೂಗುವಾಗ ಗಂಟಲ ಎರಡೂ ಬದಿ ನೀಲಿ ಚೀಲ ಉಬ್ಬುತ್ತದೆ. ಒಂದು ಕಾಲಕ್ಕೆ ಹೊರದೇಶದ ಊಟಕ್ಕೆ ಹೋಗುತ್ತಿದ್ದದ್ದು ಇಂಥವುಗಳ ಕಾಲೇ. ಆ ರಫ್ತು 1987ರಲ್ಲಿ ನಿಂತಿತು. ಗದ್ದೆಯ ಸಣ್ಣ ಕಪ್ಪೆಗಳ ವಿಷಯ ಬೇರೆ. ಕೆಲವನ್ನು ಬೇರ್ಪಡಿಸಲು ತಜ್ಞರೂ ಕೂಗು, ಡಿಎನ್‌ಎ ಎರಡನ್ನೂ ನೋಡುತ್ತಾರೆ. ಅಂಥವು ಸಿಕ್ಕಾಗ ಮೊಬೈಲಿನಲ್ಲಿ ಕೂಗು ಹಿಡಿದು, ಜಾಗ, ಹೊತ್ತು, ನೀರಿನ ಆಳ ಬರೆದುಕೊಂಡು ಹೆಸರಿನ ಜಾಗ ಖಾಲಿ ಬಿಡುತ್ತೇನೆ.