ಉಬ್ಬಸಕ್ಕೆ ಮದ್ದು ಮನೆಗೂ ಬೇಕು: ಏಳು ಸೂತ್ರಗಳು

ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕವನ್ನು ವರ್ಷಗಟ್ಟಲೆ ಇಟ್ಟರು. 1979ರಲ್ಲಿ ಶೇ. 9ರಷ್ಟು ಮಕ್ಕಳಲ್ಲಿದ್ದ ಅಸ್ತಮಾ 1999ರ ಹೊತ್ತಿಗೆ ಶೇ. 29.5ಕ್ಕೆ ಏರಿತ್ತು. ಬೀದಿಯ ಹೊಗೆ ತಡೆಯುವುದು ನಮ್ಮೊಬ್ಬರ ಕೈಲಿಲ್ಲ. ಮನೆಯೊಳಗಿನ ಗಾಳಿ ಮಾತ್ರ ಬಹುಪಾಲು ನಮ್ಮ ಕೈಲೇ ಇದೆ.

1. ಮೊದಲು ಸೋರಿಕೆ ನಿಲ್ಲಿಸಿ. ಬೂಷ್ಟು ಹಿಡಿದ ಗೋಡೆಗೆ ಬಣ್ಣ ಬಳಿದರೆ ಮುಂದಿನ ಮಳೆಗೆ ಅದು ಮತ್ತೆ ಮೂಡುತ್ತದೆ. ಒಡೆದ ಹೆಂಚು, ತಾರಸಿಯ ಬಿರುಕು, ಸೋರುವ ಪೈಪು ಮೇ ತಿಂಗಳೊಳಗೆ ರಿಪೇರಿಯಾಗಲಿ. ಗೋಡೆ ಪೂರ್ತಿ ಒಣಗಿದ ಮೇಲೆಯೇ ಬಣ್ಣ.

2. ಬೂಷ್ಟನ್ನು ಒಣದಾಗಿ ಕೆರೆಯಬೇಡಿ. ಕಣಗಳು ಗಾಳಿಗೇರುತ್ತವೆ. ಮಾಸ್ಕ್ ಹಾಕಿಕೊಂಡು ಸೋಪಿನ ನೀರಲ್ಲಿ ಉಜ್ಜಿ. ಉಬ್ಬಸ ಇರುವವರು ಆಗ ಆ ಕೋಣೆಯಲ್ಲಿರುವುದು ಬೇಡ.

3. ಹಾಸಿಗೆ ಕಡೆ ಗಮನ ಕೊಡಿ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದು ಧೂಳುಹುಳು ಅಲ್ಲೇ ಬೆಳೆಯುತ್ತದೆ. ಅದರ ಹಿಕ್ಕೆಯೇ ಅಲರ್ಜಿಗೆ ಮುಖ್ಯ ಕಾರಣ. ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಲ್ಲಿ ಒಗೆಯಿರಿ. ಈ ಹುಳುವಿಗೆ ತೇವ ಬೇಕೇ ಬೇಕು. ಮಲೆನಾಡು, ಕರಾವಳಿಯವರು ಬಿಸಿಲು ಕಂಡ ದಿನವೇ ಹಾಸಿಗೆಯನ್ನು ಅಂಗಳದಲ್ಲಿ ಒಣಹಾಕಿ.

4. ಹೊಗೆಗೆ ದಾರಿ ಮಾಡಿ. ಹೊಗೆಕೊಳವೆ ಇರುವ ‘ಅಸ್ತ್ರ ಒಲೆ’ಯನ್ನು ಭಾರತೀಯ ವಿಜ್ಞಾನ ಸಂಸ್ಥೆ 1980ರ ದಶಕದಲ್ಲೇ ರೂಪಿಸಿತು. ಅಡುಗೆ ಗ್ಯಾಸಿಗೆ ಬದಲಾದರೂ ಎಷ್ಟೋ ಮನೆಗಳ ಬಚ್ಚಲ ಹಂಡೆಗೆ ಇಂದಿಗೂ ಸೌದೆಯೇ. ಆ ಒಲೆಗೂ ಹೊಗೆಕೊಳವೆ ಹಾಕಿಸಿ.

5. ಸೊಳ್ಳೆ ಬತ್ತಿ ಬಿಡಿ, ಪರದೆ ಕಟ್ಟಿ. ಒಂದು ಸುರುಳಿ ಉರಿದು ಮುಗಿಯುವಷ್ಟರಲ್ಲಿ ಹೊಮ್ಮುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಿಗೆ ಸಮವೆಂದು 2003ರ ಅಧ್ಯಯನವೊಂದು ತೋರಿಸಿದೆ.

6. ಗುಡಿಸುವ ಬದಲು ಒರೆಸಿ. ಪೊರಕೆ ಧೂಳನ್ನು ಎಬ್ಬಿಸುತ್ತದೆ, ಒದ್ದೆ ಬಟ್ಟೆ ಹಿಡಿದಿಡುತ್ತದೆ.

7. ಮುಸುರೆ ಪಾತ್ರೆ ರಾತ್ರಿಗೆ ಉಳಿಸಬೇಡಿ. ಜಿರಳೆಯ ಹಿಕ್ಕೆಯೂ ಉಬ್ಬಸ ಕೆರಳಿಸುತ್ತದೆ.

ಇವೆಲ್ಲ ಮಾಡಿದಿರೆಂದು ವೈದ್ಯರು ಕೊಟ್ಟ ಇನ್‌ಹೇಲರ್ ನಿಲ್ಲಿಸಬೇಡಿ. ಇನ್ನು ಮನೆ ಬಾಡಿಗೆಗೆ ಕೊಟ್ಟವರಲ್ಲಿ ಒಂದು ಮನವಿ: ಸೋರುವ ಗೋಡೆಯನ್ನು ಬಾಡಿಗೆದಾರರು ತಾವಾಗಿ ಸರಿಮಾಡಿಕೊಳ್ಳಲಾರರು. ಈ ಮಳೆಗಾಲಕ್ಕೆ ಮುಂಚೆ ಅದನ್ನು ನೀವೇ ಸರಿಪಡಿಸಿಕೊಡಿ. ಆ ಮನೆಯ ಮಗು ರಾತ್ರಿ ನೆಮ್ಮದಿಯಾಗಿ ಉಸಿರಾಡಲಿ.